ಆಪರೇಟರ್ ಪೈಪ್ ಮುಟ್ಟಿದ್ದು ನೋಡಿ ಕಲಿತೆ

ಬೆಂಗಳೂರು ಪಕ್ಕದ ಜಿಗಣಿಯ ನಮ್ಮ ಶೆಡ್ಡಿನಲ್ಲಿ ಇರುವುದು ಒಂದೇ ರಿಯಾಕ್ಟರ್ (ರಾಸಾಯನಿಕ ಕ್ರಿಯೆ ನಡೆಸುವ ಪಾತ್ರೆ), 500 ಲೀಟರಿನದು. ಪೇಂಟ್ ತಯಾರಿಸುವವರಿಗೆ ಅಕ್ರಿಲಿಕ್ ಎಮಲ್ಷನ್, ಅಂದರೆ ಪೇಂಟಿಗೆ ಅಂಟು ಕೊಡುವ ಹಾಲಿನಂಥ ದ್ರವ, ಕೊಡುತ್ತೇವೆ. 82 ಡಿಗ್ರಿ ಹಿಡಿದುಕೊಂಡು ಗಂಟೆಗಟ್ಟಲೆ ಮಾನೊಮರ್ (ರಿಯಾಕ್ಟ್ ಆಗುತ್ತ ತಾನೇ ಬಿಸಿಯಾಗುವ ಕಚ್ಚಾ ದ್ರವ) ಬಿಡಬೇಕು. ಮಾಡಿದವರಿಗೆ ಗೊತ್ತು, ಆ 82 ಹಿಡಿಯುವುದರಲ್ಲೇ ಅರ್ಧ ಆಯಸ್ಸು ಹೋಗುತ್ತದೆ.

ಮೊದಲು ಬೆಂಗಳೂರಿನ ಎಸ್.ಪಿ. ರೋಡಿನಿಂದ ತಾಪವನ್ನು ತಾನೇ ತಿದ್ದುವ ಒಂದು ಪಿಐಡಿ ಕಂಟ್ರೋಲರ್, ತಾಪ ಅಳೆಯುವ ಒಂದು ಪಿಟಿ-100 ಸೆನ್ಸರ್ ತಂದು ಜಾಕೆಟ್ಟಿನ (ರಿಯಾಕ್ಟರ್ ಸುತ್ತ ನೀರು ಹರಿಯುವ ಹೊರಕವಚದ) ವಾಲ್ವಿಗೆ ಕಟ್ಟಿದೆ. ಕಂಟ್ರೋಲರ್ ಎಷ್ಟು ಚುರುಕಾಗಿ ತಿದ್ದಬೇಕೆಂದು ಹೊಂದಿಸುವ ಟ್ಯೂನಿಂಗಿಗೆ ಎಲ್ಲರಂತೆ ಇಂಜಿನಿಯರ್‌ಗಳಾದ ಝೀಗ್ಲರ್-ನಿಕಲ್ಸರ 1942ರ ಲೆಕ್ಕವೇ. ತಾಪ 78ಕ್ಕೂ 88ಕ್ಕೂ ಜೋಕಾಲಿ ಆಡಿತು. ಒಳಗಿನ ಮಾಲು ಬಿಸಿಯಾಗಿದೆ ಎಂದು ತಿಳಿದು ವಾಲ್ವ್ ತಿರುಗುವ ಹೊತ್ತಿಗೆ ತಡವಾಗಿರುತ್ತಿತ್ತು. ತಣ್ಣೀರು ಬಂದ ಮೇಲೆ ಅದು ನಿಲ್ಲುವುದೂ ತಡ. ಎರಡು ಬ್ಯಾಚ್ ಮೊಸರಾದವು. ಒಂದೊಂದಕ್ಕೂ ಸುಮಾರು 40 ಸಾವಿರ ನೀರಿಗೆ ಹೋಯಿತು, ಅದನ್ನು ಸಾಗಿಸಲು ಕೊಟ್ಟದ್ದು ಬೇರೆ.

ಒಬ್ಬ ಕನ್ಸಲ್ಟೆಂಟ್ ಬಂದು ನೋಡಿ 11 ಲಕ್ಷದ ಕೊಟೇಷನ್ ಬರೆದರು. 'ಇಷ್ಟು ಚಿಕ್ಕ ಪ್ಲಾಂಟಿನಲ್ಲಿ ಬಿಡಿ ಕಂಟ್ರೋಲರುಗಳಿಂದ ಆಗಲ್ಲ' ಅಂದರು. ನಮ್ಮ ಹಿರಿಯ ಆಪರೇಟರ್ ಅದಕ್ಕೂ ನಕ್ಕರು. 'ಸಾರ್, ಮಿಷನ್‌ಗೇನು ಗೊತ್ತಾಗತ್ತೆ? ನಾನು ಪೈಪ್ ಮುಟ್ಟಿದ್ರೆ ಸಾಕು.'

ಅವರು ಮುಟ್ಟುತ್ತಿದ್ದದ್ದು ಜಾಕೆಟ್ಟಿಗೆ ನೀರು ಹೋಗುವ ಪೈಪನ್ನು. ಮಾಲಿನ ಮೀಟರ್ ಕಡೆ ನೋಡುತ್ತಲೇ ಇರಲಿಲ್ಲ! ಅಂದು ರಾತ್ರಿ ನಿದ್ದೆ ಬರಲಿಲ್ಲ. ಮಾರನೆಯ ದಿನವೇ ಆ ಪೈಪಿಗೆ ಎರಡನೇ ಪಿಟಿ-100, ಸೆಕೆಂಡ್ ಹ್ಯಾಂಡ್ ಕಂಟ್ರೋಲರ್. ಮಾಲಿನ ತಾಪ ನೋಡುವವನು ಯಜಮಾನ. ಜಾಕೆಟ್ ನೀರು ಎಷ್ಟಿರಬೇಕು ಎಂದಷ್ಟೇ ಅವನು ಹೇಳುತ್ತಾನೆ. ಅದನ್ನು ಮಾಡಿ ತೋರಿಸುವುದು ಎರಡನೆಯವನ ಕೆಲಸ. ಹೀಗೆ ಒಂದರ ಕೆಳಗೊಂದು ಕಂಟ್ರೋಲರ್ ಕಟ್ಟುವ ಕ್ಯಾಸ್ಕೇಡ್ ಹೊಸದೇನಲ್ಲ, ನನಗೆ ತಡವಾಗಿ ಹೊಳೆಯಿತು. ಯಜಮಾನನನ್ನು ಮ್ಯಾನ್ಯುಯಲ್ಲಿಗೆ ಹಾಕಿ ಒಳಗಿನ ಲೂಪನ್ನು, ಅಂದರೆ ಜಾಕೆಟ್ ನೀರು ನೋಡುವವನನ್ನು, ಮೊದಲು ಟ್ಯೂನ್ ಮಾಡಿ. ಅದು ಚುರುಕಾಗದಿದ್ದರೆ ಹೊರಗಿನದನ್ನು ಮುಟ್ಟಲೇಬೇಡಿ.

ಆದರೂ ಬಿಸಿ ಏರಿಸುವಾಗ ಇಂಟಿಗ್ರಲ್ (ತಾಪದ ಕೊರತೆಯನ್ನು ಕಂಟ್ರೋಲರ್ ಕೂಡಿಸುತ್ತಾ ಹೋಗುವ ಲೆಕ್ಕ) ತುಂಬಿಕೊಂಡು ತಾಪ 82 ದಾಟಿ ಓಡುತ್ತಿತ್ತು. ಈಗ ಆ ಇಂಟಿಗ್ರಲ್ಲನ್ನು ತಡೆದಿಟ್ಟು, ಯಾವ ಡಿಗ್ರಿಯಲ್ಲಿ ಬಿಡುಗಡೆ ಮಾಡುತ್ತೇನೆ ಎಂದು ಹೇಳುವುದಿಲ್ಲ. ಇನ್ನೂ ಒಂದು ಬ್ಯಾಚ್ ಕೊಟ್ಟು ಕಲಿತದ್ದು.

ಮಾನೊಮರ್ ಪಂಪನ್ನೂ ತಾಪಕ್ಕೆ ಕಟ್ಟಿದೆ. 85 ದಾಟಿದರೆ ನಿಲ್ಲಿಸಬೇಕೆಂದು ಎಲ್ಲರಿಗೂ ಗೊತ್ತು. 78ಕ್ಕಿಂತ ಇಳಿದರೂ ನಿಲ್ಲಲೇಬೇಕು. ತಣ್ಣಗಿದ್ದಾಗ ಬಿಟ್ಟದ್ದು ರಿಯಾಕ್ಟ್ ಆಗದೆ ಕೂತಿದ್ದು, ಆಮೇಲೆ ಒಟ್ಟಿಗೆ ರಿಯಾಕ್ಟ್ ಆಗಿ ತಾಪ ಏಳುತ್ತದೆ. ಕರೆಂಟ್ ಹೋಗಿ ಬಂದಾಗ ಕಡೆಯುವ ಮೋಟರ್ ಓಡದೆ ಪಂಪ್ ಓಡಕೂಡದು. ಇದಕ್ಕೊಂದು ಬೇರೆ ರಿಲೇ ಸ್ವಿಚ್ ಇಟ್ಟಿದ್ದೇನೆ, ಕಂಟ್ರೋಲರನ್ನು ನಂಬಿ ಕೂರುವುದಿಲ್ಲ.

ನಗಬೇಡಿ, ಮೊದಲ ಪಿಟಿ-100 ಕುದಿಯುವ ನೀರಿನಲ್ಲಿ 97 ತೋರಿಸಿತೆಂದು ಅಂಗಡಿಯವನ ಜೊತೆ ಜಗಳ ಆಡಿ ಬಂದಿದ್ದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಇಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ. ವಾಪಸ್ ಹೋಗಿ ಇನ್ನೆರಡು ಕೊಂಡೆ, ಮಾತಾಡಲಿಲ್ಲ.

ನೀರು ಜಾಕೆಟ್ಟಿನಿಂದ ಎಷ್ಟು ಬಿಸಿಯಾಗಿ ಹೊರಬರುತ್ತದೆ ಎಂದು ಅಳೆದು, ಆ ಶಾಖದ ಲೆಕ್ಕದಲ್ಲೇ ಪಂಪ್ ಓಡಿಸಲೂ ನೋಡಿದೆ. ಮೂರು ಬ್ಯಾಚ್ ಸೊಗಸಾಗಿ ಬಂತು. ಆಮೇಲೆ ಬೋರ್‌ವೆಲ್ಲಿನ ಗಡಸು ನೀರಿಗೆ, ನೀರಿನ ಹರಿವು ಅಳೆಯುವ ಫ್ಲೋಮೀಟರ್ ಸುಣ್ಣ ಕಟ್ಟಿಕೊಂಡಿತು. ಜಾಕೆಟ್ಟಿನಲ್ಲೂ ಅದೇ ಸುಣ್ಣ. ಲೂಪ್ ಮಂಕಾಯಿತು ಅನ್ನಿಸಿದರೆ ಟ್ಯೂನಿಂಗ್ ಕೆದಕುವ ಮೊದಲು ಜಾಕೆಟ್ ತೊಳೆಯಿರಿ.

ಒಟ್ಟು ಖರ್ಚು ಒಂದೂಕಾಲು ಲಕ್ಷದ ಆಸುಪಾಸು. ಏಳು ಗಂಟೆಯ ಬ್ಯಾಚ್ ಈಗ ಐದೂವರೆಗೆ ಮುಗಿಯುತ್ತದೆ. ಫಿಲ್ಟರ್ ಚೀಲದಲ್ಲಿ ಮೂರು ಕಿಲೋ ಸಿಗುತ್ತಿದ್ದ ಗಂಟು ಅರ್ಧ ಕಿಲೋಗೆ ಬಂದಿದೆ. ಕೊಟೇಷನ್ ಕೊಟ್ಟವರು ಮೊನ್ನೆ ಬಂದು, ಸೆಟ್ಟಿಂಗ್‌ಗಳ ಫೋಟೊ ತೆಗೆದುಕೊಳ್ಳಲೇ ಎಂದು ಕೇಳಿದರು. ಕಾಫಿ ಕೊಟ್ಟು ಕಳಿಸಿದೆ.