ಯುದ್ಧಕಾಲದ ಹಳೇ ಸೂಪರ್‌ಹೀರೋ ಕಾಮಿಕ್ಸಿಗೆ ಪಟ್ಟಿ ಮಾಡುವುದು ಹೇಗೆ

ಕಾಸರಗೋಡು, ಕುಂಬಳೆ, ಬದಿಯಡ್ಕ ಕಡೆ ಊರ ಗ್ರಂಥಾಲಯದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓದಿಸುವವರಿಗೆ ಇದು. ಕ್ಯಾಪ್ಟನ್ ಅಮೆರಿಕಾ ಸಿನಿಮಾ ನೋಡಿದ ಮಕ್ಕಳು ಮೊದಲ ಪುಸ್ತಕದಲ್ಲಿ ಏನಿತ್ತು ಅಂತ ಕೇಳಿಯೇ ಕೇಳುತ್ತಾರೆ. ಬಾಯಲ್ಲಿ ಹೇಳಿ ಮುಗಿಸಬೇಡಿ, ಅವರ ಕೈಯಲ್ಲೇ ಪಟ್ಟಿ ಮಾಡಿಸಿ.

ಸಂಚಿಕೆಗೆ ಒಂದು ಸಾಲು ಸಾಲದು. ಕಥೆಗೊಂದು ಸಾಲು ಬೇಕು. ಆ ಮೊದಲ ಸಂಚಿಕೆಯಲ್ಲಿ ಕ್ಯಾಪ್ಟನ್ ಅಮೆರಿಕಾನದೇ ನಾಲ್ಕು ಚಿತ್ರಕಥೆಗಳಿವೆ, ಜೊತೆಗೆ ವೇಗದ ವೀರ ಹರಿಕೇನ್, ಗುಹೆಯ ಹುಡುಗ ಟುಕ್, ಮತ್ತೆ ಚಿತ್ರ ಕಡಿಮೆ ಇರುವ ಒಂದು ಗದ್ಯಕಥೆ. ಆ ಗದ್ಯವನ್ನು ಬಿಡಬೇಡಿ. ಅಂಚೆಯ ಕಡಿಮೆ ದರ ಸಿಗಬೇಕಾದರೆ ಇಂಥ ಪುಟ ಇರಬೇಕಿತ್ತು, ಹಾಗಾಗಿ ಎಲ್ಲರೂ ತುರುಕುತ್ತಿದ್ದರು, ಓದುವವರು ಕಡಿಮೆ. ಆದರೆ ಮೂರನೇ ಸಂಚಿಕೆಯ ಗದ್ಯಕಥೆಯಲ್ಲೇ ಮುಂದೆ ಹೆಸರುವಾಸಿ ಕಾಮಿಕ್ಸ್ ಲೇಖಕನಾದ ಸ್ಟ್ಯಾನ್ಲಿ ಲೀಬರ್ ಎಂಬ ಹುಡುಗ ಮೊದಲ ಬಾರಿ ಸ್ಟ್ಯಾನ್ ಲೀ ಅಂತ ಹೆಸರು ಹಾಕಿಕೊಂಡದ್ದು!

ದಿನಾಂಕಕ್ಕೆ ಎರಡು ಕಾಲಂ ಇಡಿ. ಮುಖಪುಟದಲ್ಲಿ 1941ರ ಮಾರ್ಚ್ ಅಂತಿದೆ, ಅಂಗಡಿಗೆ ಬಂದದ್ದು 1940ರ ಡಿಸೆಂಬರ್‌ನಲ್ಲಿ. ಬೇಗ ಹಳತಾಗದಿರಲಿ ಅಂತ ಮುಂದಿನ ತಿಂಗಳನ್ನು ಅಚ್ಚು ಹಾಕುತ್ತಿದ್ದರು. ಇದು ಸಣ್ಣ ವಿಷಯ ಅಲ್ಲ. ಮುಖಪುಟದಲ್ಲಿ ನಾಯಕ ಹಿಟ್ಲರನ ಮುಖಕ್ಕೆ ಗುದ್ದುತ್ತಿದ್ದಾನೆ, ಅಮೆರಿಕವನ್ನು ಯುದ್ಧಕ್ಕೆ ಎಳೆದ ಪರ್ಲ್ ಹಾರ್ಬರ್ ದಾಳಿ ಆದದ್ದು 1941ರ ಡಿಸೆಂಬರ್ 7ಕ್ಕೆ. ಅಂದರೆ ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲೇ ಇಲ್ಲ, ಅಲ್ವಾ?

ಇನ್ನು ಯಾರು ಮಾಡಿದ್ದು ಅನ್ನುವುದು. ನಮ್ಮ ಯಕ್ಷಗಾನದಲ್ಲಿ ಪ್ರಸಂಗ ಬರೆದವರು, ಪದ ಹೇಳುವ ಭಾಗವತರು, ಮಾತಾಡುವ ವೇಷಧಾರಿ ಬೇರೆ ಬೇರೆ ಇರುವಂತೆ ಇಲ್ಲೂ ಕಥೆ, ಚಿತ್ರ ಬಿಡಿಸುವ ಪೆನ್ಸಿಲ್, ಆ ಗೆರೆಗಳ ಮೇಲೆ ಹಚ್ಚುವ ಇಂಕ್, ಮಾತು ಬರೆಯುವ ಅಕ್ಷರ ಅಂತ ಪಾಲಿದೆ. ಅಷ್ಟೂ ಕಾಲಂ ಬೇಕು. ಜೋ ಸೈಮನ್, ಜ್ಯಾಕ್ ಕರ್ಬಿ ಜೋಡಿ ತಮ್ಮ ಹೆಸರು ಹಾಕಿಕೊಂಡರು. ಇಂಕ್ ಹಚ್ಚಿದ ಕೈಗಳ ಹೆಸರು ಆ ಕಾಲದ ಪುಸ್ತಕಗಳಲ್ಲಿ ಎಷ್ಟೋ ಸಲ ಇರುವುದೇ ಇಲ್ಲ. ಗ್ರ್ಯಾಂಡ್ ಕಾಮಿಕ್ಸ್ ಡೇಟಾಬೇಸ್ ಅಂತ ಸ್ವಯಂಸೇವಕರ ತಾಣ ಇದೆ, ಅಲ್ಲಿ ಕಥೆ ಕಥೆಗೂ ಹೆಸರು ಹುಡುಕಬಹುದು. ಅಲ್ಲಿ ಹೆಸರು ಖಚಿತ ಇಲ್ಲ ಅಂತ ಪ್ರಶ್ನೆ ಚಿಹ್ನೆ ಇದ್ದರೆ ನಿಮ್ಮ ಪಟ್ಟಿಯಲ್ಲೂ ಇರಲಿ, ಅಳಿಸಬೇಡಿ. ಸೈಮನ್, ಕರ್ಬಿ ಹತ್ತನೇ ಸಂಚಿಕೆಯ ನಂತರ ಈ ಪುಸ್ತಕ ಹೊರತರುತ್ತಿದ್ದ ಟೈಮ್ಲಿ ಕಂಪನಿ ಬಿಟ್ಟರು. ಹಾಗಾಗಿ 11ರಿಂದ ಅದೇ ಹೆಸರನ್ನು ಕಣ್ಣು ಮುಚ್ಚಿ ತುಂಬಬೇಡಿ.

ಕೊನೆಗೆ ಒಂದು ಕಾಲಂ: ಸಿನಿಮಾಕ್ಕಿಂತ ಬೇರೆ ಏನಿದೆ. ಮಕ್ಕಳು ಜಾಸ್ತಿ ಕಚ್ಚಾಡುವುದು ಇಲ್ಲೇ. ಮೊದಲ ಸಂಚಿಕೆಯಲ್ಲಿ ಗುರಾಣಿ ದುಂಡಗಿಲ್ಲ, ಮೇಲೆ ಅಗಲ, ಕೆಳಗೆ ಚೂಪು. ಇನ್ನೊಂದು ಕಂಪನಿಯ ಶೀಲ್ಡ್ ಎಂಬ ನಾಯಕನನ್ನು ಹೋಲುತ್ತದೆ ಅಂತ ತಕರಾರು ಬಂದು ಎರಡನೆಯದರಲ್ಲಿ ದುಂಡಾಯಿತು. ನಾಯಕನಿಗೆ ಶಕ್ತಿಯ ಮದ್ದು ಕೊಡುವ ವಿಜ್ಞಾನಿಯ ಹೆಸರು ರೈನ್‌ಸ್ಟೈನ್. ನಾಯಕನ ಜೊತೆಗಾರ ಬಕಿ ಸೇನಾ ಶಿಬಿರದಲ್ಲಿ ಓಡಾಡಿಕೊಂಡಿದ್ದ ಪೋರ. ಖಳನಾಯಕ ರೆಡ್ ಸ್ಕಲ್‌ನ ಮುಖವಾಡದ ಹಿಂದೆ ಇದ್ದವನು ವಿಮಾನ ಮಾಡುವ ಅಮೆರಿಕದ ಉದ್ಯಮಿ.

ಹೆಸರುಗಳನ್ನು ಕನ್ನಡದಲ್ಲಿ ಬರೆಯಿರಿ, ಪಕ್ಕದಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗೂ ಇರಲಿ. ಮಲಯಾಳ ಮೀಡಿಯಂ ಮಕ್ಕಳಿಗೂ ಹುಡುಕಲು ಆಗುತ್ತದೆ.