ಹಾರ್ಡ್ ಡಿಸ್ಕ್ ಕಾಣ್ತಿಲ್ವಾ? ಮೊದಲು ಕೇಬಲ್ ನೋಡಿ

ಅಕ್ಕನ ಮದುವೆ ಫೋಟೋಗಳಿದ್ದ ಹಾರ್ಡ್ ಡಿಸ್ಕ್ ಕಳೆದ ವಾರ ಲ್ಯಾಪ್‌ಟಾಪ್‌ಗೆ ಹಾಕಿದರೆ ಕಾಣಲೇ ಇಲ್ಲ. ದೀಪ ಮಾತ್ರ ಮಿನುಗುತ್ತಿತ್ತು. ಕೈಕಾಲೇ ಆಡಲಿಲ್ಲ. ಇಂಥ ಹೊತ್ತಲ್ಲಿ ಗಾಬರಿಯಿಂದ ಏನೇನೋ ಒತ್ತಬೇಡಿ.

ಮೊದಲು ಕೇಬಲ್ ಬದಲಿಸಿ. ನನ್ನದರ ತಂತಿ ತುದಿಯಲ್ಲಿ ಸಡಿಲವಾಗಿತ್ತು. ಬೆರಳಲ್ಲಿ ಒತ್ತಿ ಹಿಡಿದರೆ ಡಿಸ್ಕ್ ಬರುತ್ತಿತ್ತು, ಬಿಟ್ಟರೆ ಹೋಗುತ್ತಿತ್ತು. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹೊಸದು ತಂದೆ. ಡಿಸ್ಕನ್ನೂ ಒಯ್ದಿದ್ದರಿಂದ ಅಂಗಡಿಯಲ್ಲೇ ಹಾಕಿ ನೋಡಿದೆ. ನೀವೂ ಹಾಗೇ ಮಾಡಿ. ಕೆಲವು ಕೇಬಲ್‌ಗಳು ಬರೀ ಚಾರ್ಜ್‌ಗೆ, ಅವುಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ.

ಒಂದೇ ಪೋರ್ಟನ್ನು ಹಲವು ಸಾಧನಗಳಿಗೆ ಹಂಚುವ ಹಬ್ ಇದ್ದರೆ ತೆಗೆದು ನೇರವಾಗಿ ಪೋರ್ಟ್‌ಗೆ ಹಾಕಿ. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿಆಂಪ್, 3.0 ಆದರೆ 900. ಕರೆಂಟ್ ಸಾಲದಿದ್ದರೆ ಡಿಸ್ಕ್ ತಿರುಗುವುದೇ ಇಲ್ಲ.

ಆದರೂ ಬರಲಿಲ್ವಾ? ವಿಂಡೋಸ್‌ನಲ್ಲಿ ಡಿಸ್ಕ್‌ಗಳ ಪಟ್ಟಿ ತೋರಿಸುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಅಲ್ಲಿ ಡಿಸ್ಕ್ ಇದ್ದು ಡ್ರೈವ್ ಲೆಟರ್ (D:, E: ಥರದ ಅಕ್ಷರ) ಇಲ್ಲದಿದ್ದರೆ, ರೈಟ್ ಕ್ಲಿಕ್ ಮಾಡಿ ಒಂದು ಅಕ್ಷರ ಕೊಡಿ. ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳಿದರೆ ದಯವಿಟ್ಟು ಹ್ಞೂಂ ಅನ್ನಬೇಡಿ, ಫೋಟೋಗಳು ಹೋಗುತ್ತವೆ. ಒಳಗಿಂದ ಟಕ್ ಟಕ್ ಸದ್ದು ಬಂದರೆ ತಕ್ಷಣ ತೆಗೆದಿಟ್ಟು ಡೇಟಾ ರಿಕವರಿಯವರಿಗೆ ತೋರಿಸಿ.