ಟೆಂಪೋ ಗುದ್ದಿದ್ಮೇಲೆ ಪೊಲೀಸ್ ಕಂಪ್ಲೇಂಟ್ ಕೊಟ್ಟಿದ್ದು: ನನ್ನ ಅನುಭವ

ಬೆಂಗಳೂರಲ್ಲಿ ಆ್ಯಕ್ಸಿಡೆಂಟ್ ಕೇಸು ನೋಡ್ಕೊಳ್ಳೋದು ಟ್ರಾಫಿಕ್ ಪೊಲೀಸ್ ಸ್ಟೇಷನ್, ಲಾ ಅಂಡ್ ಆರ್ಡರ್ ಸ್ಟೇಷನ್ ಅಲ್ಲ. ಅದೂ ನಿಮ್ಮ ಮನೆ ಹತ್ರ ಇರೋದಲ್ಲ, ಗುದ್ದಿದ ಜಾಗ ಯಾರ ಲಿಮಿಟ್ಸಲ್ಲಿ ಬರುತ್ತೋ ಅಲ್ಲೇ ಕೇಸು ನಡೆಯೋದು. ಇಷ್ಟು ಗೊತ್ತಿದ್ರೆ ಅರ್ಧ ಅಲೆದಾಟ ತಪ್ಪುತ್ತೆ.

ನಮ್ದು ಆಗಿದ್ದು ಮೈಸೂರು ರೋಡಲ್ಲಿ, ನಾಯಂಡಹಳ್ಳಿ ಹತ್ರ. ಮುಂದೆ ಬಸ್ ನಿಲ್ತು ಅಂತ ನಾನೂ ಕಾರು ನಿಲ್ಸಿದೆ, ಹಿಂದಿಂದ ಒಂದು ಗೂಡ್ಸ್ ಟೆಂಪೋ ಬಂದು ಗುದ್ದೇ ಬಿಡ್ತು. ಹಿಂದಿನ ಸೀಟಲ್ಲಿ ನಮ್ಮತ್ತೆ ಇದ್ರು, ಬೀಳದ ಹಾಗೆ ಮುಂದಿನ ಸೀಟಿಗೆ ಕೈ ಊರಿದ್ರು, ಆಗ್ಲೇ ಮಣಿಕಟ್ಟು ಊದ್ಕೊಳ್ಳೋಕೆ ಶುರುವಾಯ್ತು. ಟೆಂಪೋ ಹುಡುಗ ಇಳಿದು ಬಂದು "ಸಾರ್ ಓನರ್ ಕೆಲಸದಿಂದ ತೆಗೀತಾರೆ, ಬಂಪರ್ ದುಡ್ಡು ನಾನೇ ಕೊಡ್ತೀನಿ, ಸ್ಟೇಷನ್ ಮಾತ್ರ ಬೇಡ ಸಾರ್" ಅಂತ. ಸುತ್ತ ಸೇರಿದವ್ರು ಬೇರೆ "ಬಿಡಿ ಸಾರ್, ಜಾಮ್ ಆಗ್ತಿದೆ". ಬರೀ ಬಂಪರ್ ಆಗಿದ್ರೆ ನಾನೂ ಬಿಟ್ಟು ಹೋಗ್ತಿದ್ನೇನೋ, ಆ ಹುಡುಗನ ಮುಖ ನೋಡಿದ್ರೆ ಪಾಪ ಅನ್ಸೋದು. ಆದ್ರೆ ಪೆಟ್ಟಾದ್ಮೇಲೆ ರೋಡಲ್ಲೇ ಕಾಂಪ್ರಮೈಸ್ ಮಾಡ್ಕೋಬಾರ್ದು, ಎಕ್ಸ್‌ರೇ ಏನು ಹೇಳುತ್ತೆ ಅಂತ ರೋಡಲ್ಲಿ ನಿಂತು ಯಾರಿಗೂ ಗೊತ್ತಾಗಲ್ಲ.

112ಕ್ಕೆ ಫೋನ್ ಮಾಡ್ದೆ, ಹೊಯ್ಸಳ (ಪೊಲೀಸ್ ಗಸ್ತು ಗಾಡಿ) ಬಂತು. ಅದು ಬರೋದ್ರೊಳಗೆ ಫೋಟೋ ತಕ್ಕೊಂಡೆ: ಎರಡೂ ಗಾಡಿ ನಂಬರ್ ಪ್ಲೇಟು, ಗಾಡಿ ನಿಂತಿರೋ ರೀತಿ, ಪಕ್ಕದ ಮೆಟ್ರೋ ಪಿಲ್ಲರ್ ನಂಬರು. ಈ ಪಿಲ್ಲರ್ ನಂಬರ್ ಅನ್ನೋದು ಎಂಥ ಉಪಕಾರ ಅಂದ್ರೆ, ಆಮೇಲೆ ಮಹಜರಿನಲ್ಲಿ (ಪೊಲೀಸ್ರು ಸ್ಥಳಕ್ಕೆ ಬಂದು ನೋಡಿ ಬರ್ಕೊಳ್ಳೋ ವರದಿ) ಜಾಗ ಯಾವ್ದು ಅನ್ನೋ ತಕರಾರೇ ಬರ್ಲಿಲ್ಲ. ಅಲ್ಲಿಂದ ಸೀದಾ ಆಸ್ಪತ್ರೆ. ಹೇಗಾಯ್ತು ಅಂತ ಕೇಳ್ತಾರೆ, ರಸ್ತೆ ಅಪಘಾತ ಅಂತ್ಲೇ ಹೇಳ್ಬೇಕು, ಎಂಎಲ್‌ಸಿ (ಮೆಡಿಕೋ ಲೀಗಲ್ ಕೇಸ್, ಅಂದ್ರೆ ಪೊಲೀಸ್ರಿಗೆ ತಿಳಿಸೋ ಕೇಸು) ಅಂತ ಬರ್ಕೊಳ್ತಾರೆ. ಸುಮ್ನೆ ರಗಳೆ ಯಾಕೆ ಅಂತ ಮನೇಲಿ ಬಿದ್ರು ಅಂದ್ಬಿಟ್ರೆ ಮುಂದೆ ಆ ಒಂದು ಸಾಲೇ ತಿರುಗಿ ಕಚ್ಚುತ್ತೆ.

ಮೋಟಾರು ವಾಹನ ಕಾಯ್ದೆ 134ನೇ ಸೆಕ್ಷನ್ ಪ್ರಕಾರ ಡ್ರೈವರ್ ಆದವನು 24 ಗಂಟೆ ಒಳಗೆ ಪೊಲೀಸ್ರಿಗೆ ತಿಳಿಸ್ಬೇಕು, ಇನ್ಶೂರೆನ್ಸ್‌ನವ್ರಿಗೂ ತಿಳಿಸ್ಬೇಕು. ಸಂಜೇನೇ ಸ್ಟೇಷನ್‌ಗೆ ಹೋದೆ. ರೈಟರ್ (ಸ್ಟೇಷನ್‌ನಲ್ಲಿ ಬರವಣಿಗೆ ಕೆಲಸ ನೋಡೋ ಪೊಲೀಸ್ರು) ಒಂದು ಬಿಳಿ ಹಾಳೆ ಕೊಟ್ಟು "ನಾನ್ ಹೇಳ್ತೀನಿ, ಬರ್ಕೊಳ್ಳಿ ಸಾರ್" ಅಂದ್ರು. ಅವ್ರಿಗೆ ಬಾಯಿಪಾಠ ಆಗಿರುತ್ತೆ, "ಅತಿವೇಗ ಮತ್ತು ನಿರ್ಲಕ್ಷ್ಯತೆಯಿಂದ ಚಾಲನೆ ಮಾಡಿಕೊಂಡು ಬಂದು" ಅಂತ ಶುರು. ನಾನು ಫೋನಲ್ಲಿ ಟೈಪ್ ಮಾಡಿ ಇಟ್ಕೊಂಡಿದ್ದೆ: ಟೈಮು, ಯಾವ ಕಡೆಯಿಂದ ಯಾವ ಕಡೆಗೆ, ಯಾವ ಲೇನು, ನನ್ನ ಗಾಡಿ ನಿಂತಿತ್ತು ಅನ್ನೋದು, ಯಾರಿಗೆ ಎಲ್ಲಿ ಪೆಟ್ಟು. ಅದನ್ನೇ ನೋಡ್ಕೊಂಡು ಬರ್ದೆ, ಅವ್ರೂ ಬೇಡ ಅನ್ಲಿಲ್ಲ.

ಎಫ್‌ಐಆರ್ ಪ್ರಿಂಟ್ ಬಂತು, ಸೈನ್ ಮಾಡಿ ಅಂದ್ರು. ಓದ್ದೆ. ನೋಡಿದ್ರೆ "ಕೆಂಗೇರಿ ಕಡೆಯಿಂದ ಸಿಟಿ ಕಡೆಗೆ" ಅಂತಿದೆ, ನಾವು ಹೋಗ್ತಿದ್ದಿದ್ದು ಉಲ್ಟಾ. ಡಿವೈಡರ್ ಆ ಕಡೆ ಇದ್ದ ಗಾಡಿಗೆ ಈ ಕಡೆ ಟೆಂಪೋ ಹೇಗೆ ಗುದ್ದುತ್ತೆ? ತೋರಿಸ್ದೆ, ಸರಿ ಮಾಡಿಕೊಟ್ರು, ಮುಖ ಸ್ವಲ್ಪ ಗಂಟು ಹಾಕ್ಕೊಂಡ್ರು ಅಷ್ಟೇ. ಎಷ್ಟು ಹೊತ್ತಾದ್ರೂ ಪರವಾಗಿಲ್ಲ, ಸೈನ್ ಮಾಡೋ ಮುಂಚೆ ಪ್ರತಿ ಸಾಲೂ ಓದಿ, ಯಾಕಂದ್ರೆ ಮಹಜರು, ಸ್ಕೆಚ್ಚು, ಚಾರ್ಜ್‌ಶೀಟು ಎಲ್ಲಾ ಇದರ ಹಿಂದೇನೇ ಬರುತ್ತೆ. ಕಂಪ್ಲೇಂಟ್ ಕೊಟ್ಟವ್ರಿಗೆ ಎಫ್‌ಐಆರ್ ಕಾಪಿ ಫ್ರೀ, ಕೇಳಿ ಇಸ್ಕೊಳ್ಳಿ.

2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿರೋದ್ರಿಂದ ಹಾಕಿದ್ದು ಸೆಕ್ಷನ್ 281 (ಅಜಾಗರೂಕ ಚಾಲನೆ) ಮತ್ತು 125(ಎ) (ಅದರಿಂದ ಗಾಯ). ಹಳೇ ಲೆಕ್ಕದಲ್ಲಿ 279, 337. ಆಮೇಲೆ ಎಕ್ಸ್‌ರೇಲಿ ಫ್ರ್ಯಾಕ್ಚರ್ ಅಂತ ಬಂತು, ವೂಂಡ್ ಸರ್ಟಿಫಿಕೇಟ್ (ಏನು ಗಾಯ ಅಂತ ಡಾಕ್ಟ್ರು ಕೊಡೋ ಪತ್ರ) ಸ್ಟೇಷನ್‌ಗೆ ಹೋದ್ಮೇಲೆ 125(ಬಿ) ಆಯ್ತು, ಮೂಳೆ ಮುರಿದ್ರೆ ಕಾನೂನಲ್ಲಿ ಅದು ತೀವ್ರ ಗಾಯ.

ಇನ್ನು ಗಾಡಿ ವಿಷಯ. ನಂದೂ ಟೆಂಪೋನೂ ಎರಡೂ ಸ್ಟೇಷನ್ ಮುಂದೆ ನಿಂತ್ವು, ಮೋಟಾರು ವಾಹನ ಇನ್ಸ್‌ಪೆಕ್ಟರ್ ಬಂದು ಬ್ರೇಕು, ಸ್ಟೇರಿಂಗು, ಡ್ಯಾಮೇಜು ನೋಡಿ ಐಎಂವಿ ರಿಪೋರ್ಟ್ (ಗಾಡಿ ತಪಾಸಣೆ ವರದಿ) ಕೊಡೋ ತನಕ. ಯಾಂತ್ರಿಕ ದೋಷದಿಂದ ಅಪಘಾತ ಆಗಿಲ್ಲ ಅಂತ ಅದ್ರಲ್ಲಿ ಬಂದ್ರೆ ಬ್ರೇಕ್ ಫೇಲ್ ಕಥೆ ಅಲ್ಲಿಗೆ ಮುಗೀತು. ಗ್ಯಾರೇಜ್‌ನವ್ನು ದಿನಾ ಫೋನ್ ಮಾಡಿ "ತಂದ್ಬಿಡಿ ಸಾರ್, ಟಿಂಕರಿಂಗ್ ಶುರು ಮಾಡೋಣ" ಅಂತಿದ್ದ. ಐಎಂವಿನೂ ಇನ್ಶೂರೆನ್ಸ್ ಸರ್ವೇಯರ್ರೂ ನೋಡೋ ತನಕ ಒಂದು ಡೆಂಟೂ ತೆಗೆಸ್ಬಾರ್ದು ಅಂತ ನಾನು ಕೊಡ್ಲೇ ಇಲ್ಲ. ಗಾಡಿ ಬಿಡಿಸ್ಕೊಳ್ಳೋಕೆ ಆರ್‌ಸಿ, ಡಿಎಲ್, ಇನ್ಶೂರೆನ್ಸ್ ಜೆರಾಕ್ಸ್ ಕೇಳಿದ್ರು.

ಕಾರಿನ ರಿಪೇರಿ ನನ್ನ ಪಾಲಿಸಿಯ ಓನ್ ಡ್ಯಾಮೇಜಲ್ಲೇ (ನಮ್ಮ ಗಾಡಿ ಹಾಳಾದ್ರೆ ಸಿಗೋ ಕವರ್) ಮಾಡಿಸ್ದೆ, ಬೇಗ ಆಗುತ್ತೆ. ಅತ್ತೆ ಕೈದು ಬೇರೆ ಲೆಕ್ಕ, ಅದು ಟೆಂಪೋದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮೇಲೆ, ಎಂಎಸಿಟಿಲಿ (ಅಪಘಾತ ಪರಿಹಾರದ ನ್ಯಾಯಮಂಡಳಿ) ಕೇಸು ಹಾಕ್ಬೇಕು. ವಕೀಲರು ಕೇಳಿದ್ದು ಕಂಪ್ಲೇಂಟು, ಎಫ್‌ಐಆರ್, ಮಹಜರು, ಸ್ಕೆಚ್ಚು, ಐಎಂವಿ ರಿಪೋರ್ಟು, ವೂಂಡ್ ಸರ್ಟಿಫಿಕೇಟು, ಚಾರ್ಜ್‌ಶೀಟು, ಜೊತೆಗೆ ಆಸ್ಪತ್ರೆ ಒರಿಜಿನಲ್ ಬಿಲ್ಲು. ಮೆಡಿಕಲ್ ಶಾಪ್ ಚೀಟಿ ಕೂಡ ಎಸೀಬೇಡಿ, ಅದೂ ಲೆಕ್ಕಕ್ಕೆ ಬರುತ್ತೆ.